ಹಿಡಿ ಅಕ್ಕಿಯ ಡಬ್ಬ

ನಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕ ಒಂದು ಹಳೆಯ ಬಿಸ್ಕತ್ತಿನ ಡಬ್ಬ ಇದೆ. ದಿನಾ ಅನ್ನಕ್ಕೆ ಅಕ್ಕಿ ಅಳೆಯುವಾಗ ಅದರಿಂದ ಒಂದು ಹಿಡಿ ತೆಗೆದು ಆ ಡಬ್ಬಕ್ಕೆ ಹಾಕಬೇಕು. ತಿಂಗಳಿಗೊಮ್ಮೆ ಚೀಲಕ್ಕೆ ಸುರಿದುಕೊಂಡು ಚರ್ಚಿಗೆ ಒಯ್ಯಬೇಕು. ಅಲ್ಲಿಂದ ಆ ಚೀಲ ಹಾಗೇ ಕಷ್ಟದಲ್ಲಿರುವ ಯಾವುದಾದರೂ ಮನೆಗೆ ಹೋಗುತ್ತದೆ. ಹಾಸನದಲ್ಲಿ ನಮ್ಮಮ್ಮ ಹೀಗೆ ಮಾಡುತ್ತಿದ್ದರು, ಅವರ ಅತ್ತೆಯೂ ಮಾಡುತ್ತಿದ್ದರಂತೆ. ನಾನು ಮದುವೆಯಾಗಿ ಮದರಾಸಿನ ಪೆರಂಬೂರಿಗೆ ಬಂದು ಮೂವತ್ತು ವರ್ಷದ ಮೇಲಾಯಿತು, ಒಂದು ದಿನವೂ ಹಿಡಿ ಅಕ್ಕಿ ತಪ್ಪಿಸಿಲ್ಲ. ಇದನ್ನು ಕೇಳಿದವರಿಗೂ ಕೇಳದವರಿಗೂ ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಒಂದು ಡಿಸೆಂಬರಿನಲ್ಲಿ ಮಳೆ ಹಿಡಿದು ಬೀದಿಯ ನೀರು ನಮ್ಮ ಮನೆಯೊಳಕ್ಕೆ ನುಗ್ಗಿತು. ಸಾಮಾನೆಲ್ಲ ಮಂಚದ ಮೇಲೆ ಏರಿಸುವ ಗಡಿಬಿಡಿಯಲ್ಲಿ ಅಕ್ಕಿಮೂಟೆಯನ್ನು ಮರೆತೇಬಿಟ್ಟೆವು. ಆಮೇಲೆ ತಾರಸಿಯಲ್ಲಿ ಹರಡಿ ಒಣಗಿಸಿದೆ. ಅಕ್ಕಿ ಒಣಗಿತು, ಮುಗ್ಗಲು ವಾಸನೆ ಮಾತ್ರ ಹೋಗಲಿಲ್ಲ. ರೈಲ್ವೆ ವರ್ಕ್‌ಶಾಪಿನಿಂದ ಆಗಷ್ಟೇ ರಿಟೈರ್ ಆಗಿದ್ದ ನನ್ನ ಗಂಡ ಮೊದಲ ತುತ್ತಿಗೇ ಮುಖ ಸಿಂಡರಿಸಿದರು.

"ಏನೇ ಇದು, ಗೋಣಿಚೀಲ ಬೇಯಿಸಿಟ್ಟಿದೀಯಾ?"

ಹೊಸ ಅಕ್ಕಿ ಬಂತು. ಹಳೆಯದನ್ನು ಎಸೆಯಲು ಮನಸ್ಸು ಬರಲಿಲ್ಲ. ಹುಳ ಬೀಳದಿರಲಿ ಎಂದು ನಮ್ಮಮ್ಮನ ಕ್ರಮದಂತೆ ಬಜೆಬೇರಿನ ತುಂಡುಗಳಿಗೆ ನೀಲಿ ದಾರ ಸುತ್ತಿ ಅದರೊಳಗೆ ಹುದುಗಿಸಿಟ್ಟೆ. ಅಂದಿನಿಂದ ನಮ್ಮ ಅನ್ನಕ್ಕೆ ಹೊಸ ಅಕ್ಕಿ, ಚರ್ಚಿನ ಡಬ್ಬಕ್ಕೆ ಆ ಮೂಟೆಯ ಅಕ್ಕಿ.

ಗಂಡ ನೋಡಿದರು. "ಅದನ್ನ ಯಾಕೆ ಹಾಕ್ತೀಯ?" ಎಂದರು.

"ಹಿಡಿ ಲೆಕ್ಕ ತಾನೇ? ದೇವರೇನು ಕೂತ್ಕೊಂಡು ಕಲ್ಲು ಆರಿಸ್ತಾನಾ?" ಎಂದು ಬಾಯಿ ಮುಚ್ಚಿಸಿದೆ. ನನ್ನ ಬಾಯಿಗೆ ಅವರು ಯಾವತ್ತೂ ಎದುರಾಡಿದವರಲ್ಲ. ಅವತ್ತಾದರೂ ಆಡಬೇಕಿತ್ತು.

ಇನ್ನು ನನ್ನ ಗೆಳತಿಯ ವಿಷಯ. ತುಮಕೂರು ಕಡೆಯವಳು, ನಮ್ಮಿಂದ ಎರಡು ಬೀದಿ ಆಚೆ ಮನೆ. ಟಿ. ನಗರದ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಮಿಳಿನವರ ಚರ್ಚಿನಲ್ಲಿ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ನಮಗೆ ಕನ್ನಡ ಆರಾಧನೆ. ಹನ್ನೊಂದು ಮನೆಯವರು ಸೇರುತ್ತೇವೆ. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಹಾಡಿನ ಪುಸ್ತಕ ಹಿಡಿದು ಸುಮ್ಮನೆ ತುಟಿ ಅಲ್ಲಾಡಿಸುತ್ತವೆ. ಅವಳು ರಾಗ ಎತ್ತಿದರೆ ಮಾತ್ರ ನಮ್ಮದು ಹಾಡು. ಇಪ್ಪತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು.

ಆ ಮಳೆ ಕಳೆದ ಮೇಲೆ ಅವಳ ಗಂಡನಿಗೆ ಲಕ್ವ ಹೊಡೆಯಿತು. ಅವರನ್ನು ನೋಡಿಕೊಳ್ಳಲು ಅಂಗಡಿ ಕೆಲಸ ಬಿಟ್ಟಳು. ಚರ್ಚಿನಿಂದ ಅವರ ಮನೆಗೆ ಅಕ್ಕಿ ಹೋಗತೊಡಗಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಒಂದು ಆರಾಧನೆಯಲ್ಲಿ ಪಾದ್ರಿ ಅಯ್ಯನವರು ಸಹಾಯ ಪಡೆಯುವ ಕುಟುಂಬಗಳಿಗಾಗಿ ಪ್ರಾರ್ಥಿಸುತ್ತ ಅವಳ ಹೆಸರನ್ನೂ ಓದಿಬಿಟ್ಟರು. ಅವಳು ನನ್ನ ಪಕ್ಕದಲ್ಲೇ ಕಣ್ಣು ಮುಚ್ಚಿ ಕೂತಿದ್ದಳು, ಕಣ್ಣು ಬಿಟ್ಟಾಗ ಎಲ್ಲರೂ ಅವಳತ್ತ ತಿರುಗಿ ನೋಡುತ್ತಿದ್ದರು. ಅದೇ ಕೊನೆ, ಮೂರು ತಿಂಗಳು ಚರ್ಚಿನ ಕಡೆ ತಲೆ ಹಾಕಲಿಲ್ಲ.

ನಾನು ಕರೆಯಲು ಹೋದೆ. ಅಯ್ಯನವರೂ ಹೇಳಿದ್ದರು, ಹೇಳದಿದ್ದರೂ ಹೋಗುತ್ತಿದ್ದೆ. ಅವಳಿಲ್ಲದ ಬೆಂಚು ನನಗೆ ಸಂಕಟವಾಗಿತ್ತು. ಹೀಗೇ ಬಿಟ್ಟರೆ ಅವಳು ಮತ್ತೆ ಬರುವುದೇ ಇಲ್ಲ ಎಂದು ಭಯವೂ ಆಗಿತ್ತು.

"ವಂದನೆ ಅಕ್ಕಾ, ಬನ್ನಿ," ಎಂದು ಒಳಗೆ ಕರೆದಳು. ಗಂಡನಿಗೆ ಆಗ ತಾನೇ ಉಣ್ಣಿಸಿ ಮಲಗಿಸಿದ್ದಳು.

"ಈ ಸಂಡೇ ಬರ್ತೀಯ ತಾನೇ?"

"ಇಲ್ಲ ಅಕ್ಕಾ. ಅಕ್ಕಿ ಈಸ್ಕೊಂಡೋಳು ಅಂತ ಎಲ್ರೂ ತಿರುಗಿ ನೋಡಿದ್ರಲ್ಲ, ಆ ಕಡೆಗೆ ಇನ್ನು ಮುಖ ತೋರಿಸಕ್ಕೆ ಆಗಲ್ಲ. ಶರಿ ಬಿಡಿ, ಊಟಕ್ಕೆ ಏಳಿ."

ಬೇಡವೆಂದರೂ ಬಿಡದೆ ತಟ್ಟೆ ಹಾಕಿದಳು. ಬಿಸಿ ಅನ್ನ, ಮೂಲಂಗಿ ಸಾರು. ಬಾಯಿಗಿಟ್ಟೆ. ಗೋಣಿಚೀಲ! ಸಾರಿನ ಘಮವನ್ನೂ ಮೀರಿ ಅದೇ ವಾಸನೆ. ಕಿಟಕಿಯ ಕಟ್ಟೆಯ ಮೇಲೆ ನೀಲಿ ದಾರ ಸುತ್ತಿದ ಬಜೆಬೇರಿನ ತುಂಡೊಂದು ಕೂತಿತ್ತು. ಮೂಟೆಯಿಂದ ಹಿಡಿ ತುಂಬುವಾಗ ಅಕ್ಕಿಯ ಜೊತೆ ಅದೂ ಬಂದಿರಬೇಕು.

ನಾಚಿಕೆ ಎಂದರೆ ಏನೆಂದು ಅವತ್ತು ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ, ಊರಿಗೆಲ್ಲ ಜೋರು ಮಾಡುವ ಈ ಬಾಯಿ. ತಲೆ ತಗ್ಗಿಸಿಕೊಂಡು ಒಂದಗುಳೂ ಬಿಡದೆ ಉಂಡೆ.

ಹೊರಡುವಾಗ ಅವಳು ಒಳಗಿನಿಂದ ಒಂದು ಪುಟ್ಟ ಬಟ್ಟೆಚೀಲ ತಂದು ನನ್ನ ಕೈಗಿಟ್ಟಳು.

"ನಾನಂತೂ ಬರಲ್ಲ. ಇದನ್ನ ನೀವೇ ಕೊಟ್ಬಿಡಿ. ಮೂರು ತಿಂಗಳ ಹಿಡಿ ಅಕ್ಕಿ."

ಬಿಚ್ಚಿ ನೋಡಿದೆ. ನನ್ನದೇ ಅಕ್ಕಿ. ಆದರೆ ಒಂದು ಕಲ್ಲಿಲ್ಲ, ಒಂದು ನುಚ್ಚಿಲ್ಲ, ಕಪ್ಪು ಕಾಳಿಲ್ಲ. ತೊಳೆದು, ನೆರಳಲ್ಲಿ ಒಣಗಿಸಿ, ಒಂದೊಂದೇ ಕಾಳು ಆರಿಸಿದ್ದಳು.

"ಇಷ್ಟೊಂದು ಯಾಕೆ ಆರಿಸಿದ್ಯೇ?"

"ಕೊಡೋ ಅಕ್ಕಿ ಅಲ್ವಾ ಅಕ್ಕಾ," ಎಂದಳು, ಇದೂ ಒಂದು ಪ್ರಶ್ನೆಯೇ ಎನ್ನುವಂತೆ.

ಅಲ್ಲೇ ಹೊಸ್ತಿಲ ಮೇಲೆ ಕೂತೆ. "ಆ ಮುಗ್ಗಲು ಅಕ್ಕಿ ನನ್ನದು ಕಣೆ. ನಮ್ಮನೇಲಿ ಯಾರೂ ಉಣ್ಣಲಿಲ್ಲ ಅಂತ ಚರ್ಚಿಗೆ ಹಾಕಿದೆ. ಕೊಡೋದು ಯಾರಿಗೆ ಅಂತಾನೂ ಯೋಚನೆ ಮಾಡಲಿಲ್ಲ. ನನ್ನ ಮುಖಕ್ಕಿಷ್ಟು ಬೆಂಕಿ ಹಾಕ!" ಎಂದು ಅತ್ತುಬಿಟ್ಟೆ.

ಅವಳೂ ಬಂದು ನನ್ನ ಪಕ್ಕ ಕೂತಳು.

"ಗೊತ್ತಿತ್ತು. ಬಜೆಗೆ ನೀಲಿ ದಾರ ಸುತ್ತೋರು ಈ ಮದರಾಸಲ್ಲಿ ಇನ್ಯಾರಿದಾರೆ? ಮೊದಲು ತುಂಬಾ ಕೋಪ ಬಂತು ಅಕ್ಕಾ. ಬಂದ್ರೆ ಇದೇ ಅನ್ನ ಬಡಿಸ್ಬೇಕು ಅಂತ ಕಾಯ್ತಿದ್ದೆ. ಬಡಿಸಿದೆ. ನೀವು ಪೂರ್ತಿ ಉಂಡ್ರಿ."

"ಮುಖ ತೋರಿಸಕ್ಕೆ ಆಗಬಾರದ್ದು ನನಗೆ, ನಿನಗಲ್ಲ. ಈ ಚೀಲ ನಾನು ಮುಟ್ಟಲ್ಲ. ನೀನೇ ತಂದು ಕೊಡು. ನೀನು ಬರದಿದ್ರೆ ನಾನೂ ಹೋಗಲ್ಲ."

ಅವಳು ಚೀಲ ವಾಪಸು ಇಸಿದುಕೊಂಡಳು. ಮನೆಗೆ ಬಂದವಳೇ ಉಳಿದ ಮೂಟೆಯನ್ನು ಗಂಡನ ಕೈಲಿ ಹೊರಗೆ ಹಾಕಿಸಿದೆ. ಡಬ್ಬವನ್ನು ಉಜ್ಜಿ ತೊಳೆದು, ನಾವು ಉಣ್ಣುವ ಅಕ್ಕಿಯನ್ನೇ ಅಳೆದು ತುಂಬಿದೆ.

ಎರಡನೇ ಭಾನುವಾರ ಚರ್ಚಿನ ಗೇಟಿನ ಹತ್ತಿರವೇ ನಿಂತೆ. ಗಂಡ ಒಳಗಿನಿಂದ ಎರಡು ಸಲ ಸನ್ನೆ ಮಾಡಿ ಕರೆದರು, ನಾನು ಅಲ್ಲಾಡಲಿಲ್ಲ. ಒಳಗೆ ಮೊದಲ ಹಾಡು ಶುರುವಾಯಿತು, ಎಲ್ಲರದೂ ಒಂದೊಂದು ರಾಗ. ಅದು ಮುಗಿಯುವ ಹೊತ್ತಿಗೆ ಬೀದಿಯ ತಿರುವಿನಲ್ಲಿ ಅವಳ ಹಸಿರು ಸೀರೆ ಕಂಡಿತು. ಬಿರಬಿರನೆ ಬಂದವಳು ನನ್ನನ್ನು ನೋಡಿ ನಿಂತಳು.

"ಬಿಸಿಲಲ್ಲಿ ಯಾಕೆ ನಿಂತಿದೀರ?" ಎಂದು ಬೈದಳು.

ನಮ್ಮ ಬೆಂಚಿನಲ್ಲಿ ಕೂತೆವು. ಕಾಣಿಕೆಯ ಹಾಡಿಗೆ ಅವಳೇ ರಾಗ ಎತ್ತಿದಳು. ಮಕ್ಕಳು ಕೂಡ ತಿರುಗಿ ನೋಡಿದರು. ಚೀಲ ಹಿಡಿದು ಮುಂದಕ್ಕೆ ಹೋಗಲು ಇಬ್ಬರೂ ಎದ್ದಾಗ ಅವಳು ತಟ್ಟನೆ ನನ್ನ ಚೀಲಕ್ಕೆ ಕೈ ಹಾಕಿ, ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಂಡಳು. ನಿಧಾನಕ್ಕೆ ಅಗಿದಳು.

"ಹೂಂ, ನಡೀರಿ," ಎಂದಳು.