ಸರ್ಪಸುತ್ತು ಹೋದ ಮೇಲೆ ಉಳಿದ ಉರಿ

ನನಗೆ ಮೊದಲು ಅನುಮಾನ ಬಂದದ್ದು ಬಟ್ಟೆ ಒಗೆಯುವ ಸೋಪಿನ ಮೇಲೆ.

ಬಲಗಡೆ ಪಕ್ಕೆಲುಬಿನ ಮೇಲೆ ಅಂಗಿ ತಾಗಿದಲ್ಲೆಲ್ಲ ಉರಿಯುತ್ತಿತ್ತು. ಹೆಂಡತಿ ಸವಿತಾ ಆ ವಾರವೇ ಡಿಟರ್ಜೆಂಟ್ ಬದಲಿಸಿದ್ದಳು. ಕೇಳಿದರೆ, "ಅದರಾಗ ನನ್ನ ಬಟ್ಟಿನೂ ಒಗದೇನಿ. ನನಗ್ಯಾಕ ಏನೂ ಆಗಿಲ್ಲ?" ಎಂದಳು. ನಾನು ನಂಬಲಿಲ್ಲ. ನಂಬದಿರುವುದು ನನ್ನ ಕಸುಬು. ಗ್ಲೆಂಡೇಲ್‌ನ ಒಂದು ಆಫೀಸಿನಲ್ಲಿ ಬೇರೆ ಇಂಜಿನಿಯರ್‌ಗಳು ಮಾಡಿದ ಕಟ್ಟಡದ ಡ್ರಾಯಿಂಗ್‌ಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಭೂಕಂಪದ ಸೀಮೆ ಇದು. ಒಂದು ತೊಲೆ ಇಷ್ಟು ಭಾರ ಹೊರುತ್ತದೆ ಎಂದು ಯಾರಾದರೂ ಬರೆದುಕೊಟ್ಟರೆ, ಅದು ಹೊರುವುದಿಲ್ಲ ಎಂದುಕೊಂಡೇ ಲೆಕ್ಕ ಹಾಕಬೇಕು. ಸಂಬಳ ಬರುವುದೇ ಅದಕ್ಕೆ. ಸ್ಯಾಂಟಾ ಕ್ಲಾರಿಟಾದ ಮನೆಗೆ ಬಂದ ಮೇಲೂ ಆ ಬುದ್ಧಿಯನ್ನು ಕಳಚಿಡಲು ನನಗೆ ಬರುವುದಿಲ್ಲ.

ಮುಂದೆ ಗುಳ್ಳೆಗಳು ಎದ್ದವು. ಸವಿತಾ ಅಂಗಿ ಎತ್ತಿ ನೋಡಿ, "ರೀ, ಇದು ಸರ್ಪಸುತ್ತು" ಎಂದಳು. ಅರ್ಜೆಂಟ್ ಕೇರ್ ಕ್ಲಿನಿಕ್ಕಿನ ಡಾಕ್ಟರ್ ಬಾಗಿಲಲ್ಲಿ ನಿಂತೇ "ಶಿಂಗಲ್ಸ್" ಎಂದರು. ಚಿಕ್ಕಂದಿನಲ್ಲಿ ಬಂದಿದ್ದ ಚಿಕನ್‌ಪಾಕ್ಸ್‌ನ ವೈರಸ್ಸು ಇಷ್ಟು ವರ್ಷ ನರದೊಳಗೆ ಬಾಡಿಗೆಯಿಲ್ಲದೆ ಕುಳಿತಿತ್ತಂತೆ. ಕೋವಿಡ್‌ನ ಗಲಾಟೆಯೆಲ್ಲ ಮುಗಿದು ಜನ ಮಾಸ್ಕ್ ತೆಗೆದ ಮೇಲೆ ಇದಕ್ಕೆ ಎಚ್ಚರವಾಗಬೇಕೆ ಎಂದು ಸಿಟ್ಟು ಬಂತು. ಮಾತ್ರೆ ಕೊಟ್ಟರು, ನುಂಗಿದೆ. ನಮ್ಮ ಗದಗಿನ ಕಡೆ, ಸರ್ಪಸುತ್ತಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎನ್ನುತ್ತಾರೆ. ನಾನು ಇದನ್ನೆಲ್ಲ ನಂಬುವವನಲ್ಲ. ಆದರೂ ದಿನಾ ಸ್ನಾನಕ್ಕೆ ಹೋದಾಗ ಕನ್ನಡಿಯಲ್ಲಿ ಬೆನ್ನು ನೋಡಿಕೊಂಡು, ಎರಡು ತುದಿಗಳ ನಡುವೆ ಇನ್ನೂ ಜಾಗ ಇದೆ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದೆ.

ಗುಳ್ಳೆ ಒಣಗಿದವು. ಹಕ್ಕಳೆ ಉದುರಿತು. ಉರಿ ಉಳಿಯಿತು.

"ಗಾಯ ಮಾಯ್ದಿದೆ, ನರ ಮಾಯ್ದಿಲ್ಲ" ಎಂದರು ನಮ್ಮ ಫ್ಯಾಮಿಲಿ ಡಾಕ್ಟರ್. ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ ಎಂದು ಅದಕ್ಕೆ ಹೆಸರು. ಎಷ್ಟು ದಿನ ಇರುತ್ತದೆ ಎಂದು ಕೇಳಿದೆ. ಕೆಲವರಿಗೆ ತಿಂಗಳು, ಕೆಲವರಿಗೆ ವರ್ಷ ಎಂದರು.

ಕೆಲವರಿಗೆ ಹೋಗುವುದೇ ಇಲ್ಲ.

ಈ ಉರಿಯನ್ನು ಇನ್ನೊಬ್ಬರಿಗೆ ತಿಳಿಸುವುದು ಕಷ್ಟ. ಒತ್ತಿದರೆ ಅಷ್ಟು ನೋವಿಲ್ಲ, ಸವರಿದರೆ ಜೀವ ಹೋಗುತ್ತದೆ. ಫ್ಯಾನಿನ ಗಾಳಿ ಆಗದು. ಹೊದಿಕೆ ಆಗದು. ಎಲ್ಲಕ್ಕಿಂತ ಕೆಟ್ಟದ್ದು ಕಾರಿನ ಸೀಟ್ ಬೆಲ್ಟ್. ಎಡಭುಜದಿಂದ ಇಳಿದು ಸರಿಯಾಗಿ ಆ ಜಾಗದ ಮೇಲೇ ಹಾಯ್ದು ಬಲಸೊಂಟಕ್ಕೆ ಹೋಗುತ್ತದೆ. ಹಳೆಯ ಧೋತರದ ತುಂಡು ಮಡಚಿ ನಡುವೆ ಇಟ್ಟುಕೊಂಡು ಡ್ರೈವ್ ಮಾಡುತ್ತಿದ್ದೆ. ನೋಡುವವರಿಗೆ ಏನೂ ಕಾಣುವುದಿಲ್ಲ. ಆಫೀಸಿನಲ್ಲಿ "ಈಗ ಹೇಗಿದೆ?" ಎಂದು ಕೇಳುವವರ ಮುಖದಲ್ಲಿ, ಇವನಿಗೆ ನಿಜವಾಗಿ ಏನಾದರೂ ಆಗಿದೆಯೇ ಎಂಬ ಇನ್ನೊಂದು ಪ್ರಶ್ನೆ ನನಗೆ ಕಾಣುತ್ತಿತ್ತು.

ಡಾಕ್ಟರ್ ನರದ ನೋವಿಗೆಂದು ಗ್ಯಾಬಪೆಂಟಿನ್ ಬರೆದರು. ಅದರ ಜೊತೆ ಬಂದ ಚೀಟಿಯನ್ನು ಭೂತಗನ್ನಡಿ ಹಿಡಿದು ಕೊನೆಯ ಸಾಲಿನವರೆಗೆ ಓದಿದೆ. ತಲೆಸುತ್ತು, ಮಂಪರು, ಮರೆವು, ಕಾಲುಬಾವು. ಒಂದು ಕ್ಯಾಪ್ಸೂಲ್ ಬಿಚ್ಚಿ ಬಿಳಿ ಪುಡಿಯನ್ನೂ ನೋಡಿದೆ, ನೋಡಿ ಏನು ತಿಳಿಯುವುದಿತ್ತೋ ದೇವರಿಗೇ ಗೊತ್ತು. ಈ ದೇಶದಲ್ಲಿ ನೋವಿನ ಮಾತ್ರೆಗೆ ಬಿದ್ದು ಹಾಳಾದವರ ಸುದ್ದಿ ಕೇಳಿ ಕೇಳಿ, ಬಿಳಿ ಕೋಟು ಹಾಕಿದವರೆಲ್ಲ ನನ್ನನ್ನು ಆ ದಾರಿಗೆ ಹಚ್ಚಲು ನಿಂತಿದ್ದಾರೆ ಎನ್ನಿಸುತ್ತಿತ್ತು. ಆದರೂ ಬೇರೆ ದಾರಿಯಿಲ್ಲದೆ ದಿನಾ ನುಂಗಿದೆ, ಉರಿ ಸ್ವಲ್ಪ ಮಾತ್ರ ಇಳಿಯಿತು. ಮರಗಟ್ಟಿಸುವ ಲಿಡೊಕೇನ್ ಪ್ಯಾಚ್ ಕೊಟ್ಟರು, ಅಂಟಿಸಿದೆ. ಮೆಣಸಿನಕಾಯಿಯ ಸಾರ ಹಾಕಿದ ಕ್ರೀಮ್ ಕೊಟ್ಟರು. ಬ್ಯಾಡಗಿ ಖಾರ ತಿಂದು ಬೆಳೆದವನಿಗೆ ಉರಿಗೆ ಮೆಣಸಿನಕಾಯಿ ಹಚ್ಚಿಕೋ ಎನ್ನುವವರನ್ನು ಹೇಗೆ ನಂಬುವುದು? ಎರಡು ದಿನ ಹಚ್ಚಿ ಬಿಟ್ಟೆ. ಆಮೇಲೆ ಪೇನ್ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ಆಕೆ ನಿಧಾನವಾಗಿ ಉಸಿರು ಬಿಡುವುದನ್ನು ಕಲಿಸಿದಳು. ನೋವೆಲ್ಲ ತಲೆಯಲ್ಲಿದೆ ಎಂದು ಹೇಳುವ ಸಭ್ಯ ಉಪಾಯ ಇದು ಎಂದುಕೊಂಡು ಹಲ್ಲು ಕಚ್ಚಿ ಉಸಿರು ಬಿಟ್ಟೆ.

ನಾನು ಅನುಮಾನಪಡದೆ ಕೇಳಿದ್ದು ಒಬ್ಬಳ ಮಾತನ್ನು ಮಾತ್ರ. ಗದಗಿನಲ್ಲಿರುವ ನನ್ನ ಅಕ್ಕ.

"ಎಂಥ ಡಾಕ್ಟರ್ ಅದಾರೋ ತಮ್ಮಾ ನಿಮ್ಮಲ್ಲಿ" ಎಂದಳು ಫೋನಿನಲ್ಲಿ. "ನನಗ ಶುಗರಿನ ಕಾಲುರಿಗೆ ನರದ ವಿಟಮಿನ್ ಕೊಟ್ಟಾರ. ತಣ್ಣಗಾಗೇತಿ ನೋಡು. ಬರೀ ವಿಟಮಿನ್ ಅದು, ಏನೂ ಆಗಂಗಿಲ್ಲ. ನಿನಗೂ ಕಳಸ್ತೀನಿ. ಮುಂಜಾನೆ ಒಂದು, ರಾತ್ರಿ ಒಂದು."

ಇಲ್ಲಿರುವ ನಮ್ಮ ಕಡೆಯವರ ಮನೆಗಳಲ್ಲಿ ಒಂದು ರೂಢಿ ಇದೆ. ಊರಿಗೆ ಹೋದವರು ಯಾರೇ ಇರಲಿ, ತಿರುಗಿ ಬರುವಾಗ ಅವರ ಸೂಟ್‌ಕೇಸಿನಲ್ಲಿ ನಮ್ಮೆಲ್ಲರ ಪಾಲೂ ಇರುತ್ತದೆ. ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅವುಗಳ ನಡುವೆ ರಬ್ಬರ್ ಬ್ಯಾಂಡ್ ಹಾಕಿದ ಗುಳಿಗೆಯ ಕಟ್ಟು. ಹಾಗೆ ಬಂದದ್ದನ್ನು ಯಾರೂ ಔಷಧ ಎನ್ನುವುದಿಲ್ಲ. ಇಲ್ಲಿಯ ಡಾಕ್ಟರ್ "ಬೇರೆ ಏನಾದರೂ ಮೆಡಿಸಿನ್ ತೆಗೆದುಕೊಳ್ಳುತ್ತೀರಾ?" ಎಂದಾಗ ನಾವೆಲ್ಲ ನಿಶ್ಚಿಂತೆಯಿಂದ ಇಲ್ಲ ಎನ್ನುತ್ತೇವೆ. ನಾನೂ ಇಲ್ಲ ಎಂದೆ. ಅಕ್ಕನ ಗುಳಿಗೆ ಅಡುಗೆಮನೆಯಲ್ಲಿ ಚಟ್ನಿಪುಡಿಯ ಪಕ್ಕ ಇತ್ತು. ಚೀಟಿ ಇರಲಿಲ್ಲ, ನಾನು ಹುಡುಕಲೂ ಇಲ್ಲ.

ಉರಿ ನಿಜಕ್ಕೂ ಇಳಿಯಿತು. ಅಂಗಿ ಹಾಕಿಕೊಂಡದ್ದು ಮರೆತುಹೋಗುವಷ್ಟು ಇಳಿಯಿತು. ನೋಡು, ಇವರ ದುಬಾರಿ ಔಷಧ ಮಾಡದ್ದನ್ನು ನಮ್ಮ ವಿಟಮಿನ್ ಮಾಡಿತು ಎಂದು ಸವಿತಾಳ ಮುಂದೆ ಮೆರೆದೆ.

ಆಮೇಲೆ ಬೇರೆಯದು ಶುರುವಾಯಿತು. ಬೂಟು ಬಿಗಿಯಾಯಿತು. ಮಾತಿನ ನಡುವೆ ಪದ ಸಿಗದೆ ನಿಲ್ಲತೊಡಗಿದೆ. ಒಂದು ಬೆಳಿಗ್ಗೆ ಆಫೀಸಿಗೆ ಹೋಗುತ್ತಿದ್ದವನು ಗ್ಲೆಂಡೇಲ್ ಎಕ್ಸಿಟ್ ದಾಟಿ ಡೌನ್‌ಟೌನ್ ಹತ್ತಿರ ಬಂದಿದ್ದೆ. ನಿದ್ದೆ ಮಾಡಿರಲಿಲ್ಲ. ಆದರೆ ನಡುವಿನ ದಾರಿ ನನಗೆ ನೆನಪೇ ಇರಲಿಲ್ಲ.

ಅದಾದ ಮೇಲೆ ಆಫೀಸಿನಲ್ಲಿ ಒಂದು ಡ್ರಾಯಿಂಗ್ ನನ್ನ ಟೇಬಲ್ಲಿಗೆ ವಾಪಸ್ಸು ಬಂತು. ಜನ ವಾಸಿಸುವ ಅಪಾರ್ಟ್‌ಮೆಂಟಿನದು. ಗೋಡೆಯನ್ನು ಅಡಿಪಾಯಕ್ಕೆ ಹಿಡಿದಿಡುವ ಬೋಲ್ಟುಗಳೇ ಅದರಲ್ಲಿ ಇರಲಿಲ್ಲ. ನಾನು ಒಪ್ಪಿಗೆ ಕೊಟ್ಟಿದ್ದೆ. ಪಕ್ಕದ ಸಹೋದ್ಯೋಗಿ ಅದನ್ನು ಹಿಡಿದಿದ್ದ. ನನ್ನನ್ನು ಕೆಡವಲು ಅವನೇ ಫೈಲ್ ಬದಲಿಸಿದ್ದಾನೆ ಎಂದು ಒಂದು ದಿನವಿಡೀ ನಂಬಿದ್ದೆ. ಸಹಿ ನನ್ನದೇ ಆಗಿತ್ತು.

ಮನೆಯಲ್ಲಿ ಕಾರಿನ ಕೀ ಕಾಣೆಯಾಗತೊಡಗಿತು. ಸವಿತಾ ಬಚ್ಚಿಡುತ್ತಿದ್ದಾಳೆ ಎಂದು ನನ್ನ ಅನುಮಾನ. ಹುಡುಕಿದಾಗ ಅವಲಕ್ಕಿ ಡಬ್ಬಿಯಲ್ಲಿ ಸಿಕ್ಕಿತು.

"ಹೌದ್ರಿ, ನಾನಽ ಇಟ್ಟೇನಿ" ಎಂದಳು. "ನಿನ್ನೆ ಸಿಗ್ನಲ್‌ನಾಗ ಕೆಂಪು ಇದ್ದಾಗ ಹೋದ್ರಿ. ನಾನು ಬಾಜೂಕಽ ಕುಂತಿದ್ದೆ. ನಿಮಗ ಗೊತ್ತಾಗ್ಲಿಲ್ಲ."

ಆಮೇಲೆ ಅವಳು ಅತ್ತಳು. ನನಗೆ ಕೆಂಪು ದೀಪದ ನೆನಪೂ ಇರಲಿಲ್ಲ.

ನನ್ನ ಅಪ್ಪ ಕೊನೆಗಾಲದಲ್ಲಿ ನನ್ನನ್ನೇ ಯಾರು ನೀನು ಎಂದು ಕೇಳಿದವರು. ನನಗೂ ಅದೇ ಗತಿ ಬಂತೇ ಎಂದು ಭಯ. ಇದು ಮಾತ್ರೆಯ ಆಟವೋ, ನನ್ನ ತಲೆಯೇ ಹೋಗುತ್ತಿದೆಯೋ ತಿಳಿಯಬೇಕು. ಇಂಜಿನಿಯರನಲ್ಲವೇ, ಪ್ರಯೋಗ ಮಾಡಿದೆ. ಡಾಕ್ಟರಿಗೆ ಹೇಳದೆ ಗ್ಯಾಬಪೆಂಟಿನ್ ಒಮ್ಮೆಲೇ ನಿಲ್ಲಿಸಿಬಿಟ್ಟೆ. ಉರಿ ಏರಿತು. ತಡೆಯಲಾಗದೆ ಅಕ್ಕನ ವಿಟಮಿನ್ನನ್ನು ಮಧ್ಯಾಹ್ನವೂ ಒಂದು ಹೆಚ್ಚಿಗೆ ತೆಗೆದುಕೊಂಡೆ. ಮಂಪರು ಇದ್ದ ಹಾಗೇ ಇತ್ತು. ಹಾಗಾದರೆ ಔಷಧದ ತಪ್ಪಲ್ಲ ಎಂದು ತೀರ್ಮಾನಿಸಿದೆ. ತಲೆಯೇ ಹೋಗುತ್ತಿದೆ. ಗ್ಯಾಬಪೆಂಟಿನ್ ಮತ್ತೆ ಶುರುಮಾಡಿದೆ, ಆಫೀಸಿಗೆ ರಜೆ ಹಾಕಿದೆ, ಯಾರಿಗೂ ಹೇಳಲಿಲ್ಲ. ಆ ದಿನಗಳಲ್ಲಿ ನಾನು ಬಹಳ ಹೆದರಿದ್ದೆ.

ಸ್ಯಾನ್ ಡಿಯಾಗೋದಲ್ಲಿ ಒಬ್ಬ ಪೇನ್ ಸ್ಪೆಷಲಿಸ್ಟ್ ಇದ್ದಾರೆ, ಬೇಗ ಅಪಾಯಿಂಟ್‌ಮೆಂಟ್ ಸಿಗುತ್ತದೆ ಎಂದು ಸವಿತಾ ಪತ್ತೆ ಹಚ್ಚಿದಳು. ಬೇಗ ಸಿಗುವ ಡಾಕ್ಟರ್ ಎಷ್ಟು ಒಳ್ಳೆಯವರಿದ್ದಾರು ಎಂದು ನಾನು. ಬರುವಾಗ ಬಾಯಿಗೆ ಹಾಕಿಕೊಳ್ಳುವುದೆಲ್ಲವನ್ನೂ ಒಂದು ಚೀಲದಲ್ಲಿ ತನ್ನಿ ಎಂದು ಕ್ಲಿನಿಕ್ಕಿನವರು ಹೇಳಿದ್ದರು. ಸವಿತಾ ಅದನ್ನು ಅಕ್ಷರಶಃ ಪಾಲಿಸಿದಳು. ಗ್ಯಾಬಪೆಂಟಿನ್ ಡಬ್ಬಿ, ಪ್ಯಾಚ್, ತ್ರಿಫಲಾ ಚೂರ್ಣ, ಅಜವಾನದ ಪುಡಿ, ಅಕ್ಕನ ಗುಳಿಗೆ.

"ವಿಟಮಿನ್ ಯಾಕ ಹಾಕ್ತಿ? ನಗ್ತಾರ ಅವರು" ಎಂದೆ.

"ಎಲ್ಲಾ ಅಂದಾರ. ಎಲ್ಲಾ ತೊಗೊಂಡು ಹೋಗೂದು" ಎಂದಳು.

ಅವಳೇ ಡ್ರೈವ್ ಮಾಡಿದಳು. ಫ್ರೀವೇ ಸಮುದ್ರದ ಬದಿಗೆ ಬಂದಾಗ ಕಿಟಕಿ ಇಳಿಸಿದಳು, ಗಾಳಿ ಅಂಗಿಗೆ ತಾಗುತ್ತದೆ ಎಂದು ಏರಿಸಲು ಹೇಳಿದೆ.

ಡಾಕ್ಟರ್ ನನ್ನ ಮಗಳ ವಯಸ್ಸಿನವರು. ಮಗಳಿಲ್ಲ ನನಗೆ, ಇದ್ದಿದ್ದರೆ ಆ ವಯಸ್ಸು. ಚೀಲವನ್ನು ಮೇಜಿನ ಮೇಲೆ ಸುರುವಿ ಒಂದೊಂದನ್ನೇ ತಿರುಗಿಸಿ ನೋಡಿದರು. ಚೂರ್ಣ ಮೂಸಿದರು. ಸುಮ್ಮನೆ ನಾಟಕ ಎಂದುಕೊಂಡೆ. ಅಕ್ಕನ ಗುಳಿಗೆಯ ಸ್ಟ್ರಿಪ್ ಎತ್ತಿಕೊಂಡವರು ಅದನ್ನು ಕೆಳಗಿಡಲಿಲ್ಲ.

"ಇದನ್ನು ಯಾರು ಬರೆದುಕೊಟ್ಟರು?"

"ಯಾರೂ ಇಲ್ಲ. ಅದು ವಿಟಮಿನ್."

"ವಿಟಮಿನ್ ಇದೆ, ನಿಜ. ಅದರ ಜೊತೆ ಇನ್ನೊಂದು ಹೆಸರಿದೆ. ಓದಿ."

ಸ್ಟ್ರಿಪ್ಪಿನ ಹಿಂಬದಿ ನನ್ನ ಕಡೆ ತಿರುಗಿಸಿದರು. ಸಣ್ಣ ಅಕ್ಷರ. ಮಸಿ ಸ್ವಲ್ಪ ಹರಡಿತ್ತು. ಆದರೂ ಓದಲು ಬರುತ್ತಿತ್ತು.

ಪ್ರೆಗ್ಯಾಬಲಿನ್.

ಗ್ಯಾಬಪೆಂಟಿನ್‌ನ ಹತ್ತಿರದ ಸಂಬಂಧಿಯಂತೆ ಅದು. ಎರಡೂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತವೆ, ಒಂದೇ ಬಗೆಯಲ್ಲಿ ತಲೆಯನ್ನು ಮಂಕು ಮಾಡುತ್ತವೆ, ಕಾಲು ಬಾವು ತರುತ್ತವೆ. ನಾನು ಎರಡನ್ನೂ ಸೇರಿಸಿ ತಿಂಗಳುಗಟ್ಟಲೆ ನುಂಗಿದ್ದೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಹೆಚ್ಚು ಮಾಡಿ, ಅದಕ್ಕೆ ಪ್ರಯೋಗ ಎಂದು ಹೆಸರಿಟ್ಟಿದ್ದೆ. ಡಾಕ್ಟರ್ ಹೇಳುತ್ತಿರುವಾಗಲೇ ಮೇಜಿನ ಕೆಳಗೆ ಫೋನಿನಲ್ಲಿ ಆ ಹೆಸರನ್ನು ಹುಡುಕಿದೆ, ಅವರ ಮಾತಿನ ಮೇಲೂ ಅನುಮಾನ. ಅವರು ಹೇಳಿದ್ದೇ ಅಲ್ಲಿತ್ತು. ಸವಿತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ತಲೆ ನನ್ನದಾಗಿಯೇ ಇದೆ ಎಂದು ನನಗಿಂತ ಮೊದಲು ಅವಳಿಗೆ ತಿಳಿಯಿತು.

ಪ್ರಪಂಚದ ಎಲ್ಲರ ಡ್ರಾಯಿಂಗನ್ನೂ ನಂಬದವನು ಅಕ್ಕನ ಗುಳಿಗೆಯನ್ನು ತಿರುಗಿಸಿಯೂ ನೋಡಿರಲಿಲ್ಲ. ಅವಳು ನನ್ನನ್ನು ಎತ್ತಿ ಆಡಿಸಿದವಳು. ಅವಳ ಕೈಯಿಂದ ಬಂದದ್ದಕ್ಕೆ ಹಿಂಬದಿ ಇರುತ್ತದೆ ಎಂದೇ ನನಗೆ ಹೊಳೆದಿರಲಿಲ್ಲ.

ಅಕ್ಕನ ಗುಳಿಗೆಯನ್ನು ತಟ್ಟನೆ ಬಿಡುವಂತಿರಲಿಲ್ಲ. ಡಾಕ್ಟರ್ ಹೇಳಿದಂತೆ ವಾರಗಟ್ಟಲೆ ಇಳಿಸುತ್ತ ಬಂದೆ. ಬೂಟು ಸಡಿಲವಾಯಿತು. ಮರೆತ ಪದಗಳು ಒಂದೊಂದಾಗಿ ವಾಪಸ್ಸು ಬಂದವು. ಅವುಗಳ ಜೊತೆ ಉರಿಯೂ ಬಂತು, ಬಿಟ್ಟುಹೋದ ಸಾಮಾನು ಒಯ್ಯಲು ಬಂದ ನೆಂಟನ ಹಾಗೆ ಬಂದು ಕುಳಿತುಬಿಟ್ಟಿತು. ಉರಿಯೇ ಇಲ್ಲದಷ್ಟು ಔಷಧ ತೆಗೆದುಕೊಂಡರೆ ತಲೆ ಮಂಕಾಗುತ್ತದೆ. ತಲೆ ಪೂರ್ತಿ ತಿಳಿಯಾಗಿರಬೇಕೆಂದರೆ ಅಂಗಿ ಹಾಕಲಾಗುವುದಿಲ್ಲ. ಡಾಕ್ಟರೂ ನಾನೂ ಚೌಕಾಸಿ ಮಾಡಿ ನಡುವೆ ಒಂದು ಕಡೆ ನಿಂತಿದ್ದೇವೆ. ಸ್ವಲ್ಪ ಗ್ಯಾಬಪೆಂಟಿನ್, ಆಫೀಸಿನ ದಿನ ಪ್ಯಾಚ್. ಬಿಟ್ಟಿದ್ದ ಮೆಣಸಿನಕಾಯಿ ಕ್ರೀಮನ್ನು ಬಿಡದೆ ಹಚ್ಚಿದರೆ ಅದೂ ಸ್ವಲ್ಪ ಕೆಲಸ ಮಾಡುತ್ತದೆ, ಒಪ್ಪಿಕೊಳ್ಳಲು ಕಷ್ಟವಾಯಿತು. ಸೀಟ್ ಬೆಲ್ಟ್ ಹಾಕುವ ಮುನ್ನ ಸೈಕಾಲಜಿಸ್ಟ್ ಕಲಿಸಿದಂತೆ ಉಸಿರು ಬಿಡುತ್ತೇನೆ. ಅದು ಯಾಕೆ ಕೆಲಸ ಮಾಡುತ್ತದೆ ಎಂದು ಇನ್ನೂ ಅನುಮಾನವಿದೆ. ಮಾಡುವುದು ನಿಜ.

ಈಗ ನಾನೇ ಡ್ರೈವ್ ಮಾಡುತ್ತೇನೆ. ಕೀ ಬಾಗಿಲ ಹತ್ತಿರದ ಮೊಳೆಯಲ್ಲಿರುತ್ತದೆ.

ಅಕ್ಕನಿಗೆ ಮಾತ್ರ ಹೇಳಿರಲಿಲ್ಲ. "ಮನಸ್ಸಿಗೆ ಹಚ್ಕೋತಾರ, ಸುಮ್ನಿರ್ರಿ" ಎಂದಿದ್ದಳು ಸವಿತಾ. ಸುಮ್ಮನಿದ್ದೆ. ಆದರೆ ಒಂದು ದಿನ ಅಕ್ಕನೇ ಫೋನ್ ಮಾಡಿದಳು.

"ಗುಳಿಗಿ ತೀರಿರಬೇಕಲಾ ತಮ್ಮಾ? ಆ ಕಡೆ ಬರೋರು ಅದಾರ. ಕಳಸ್ಲಿ?"

ಬೇಡ ಎಂದೆ. ಯಾಕೆ ಎಂದಳು. ಎಷ್ಟು ಮೆತ್ತಗೆ ಹೇಳಲು ಸಾಧ್ಯವೋ ಅಷ್ಟು ಮೆತ್ತಗೆ ಎಲ್ಲವನ್ನೂ ಹೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ತಲಿ ತಿರಗೋದು ಅದರಿಂದ ಅಂದ್ರಾ ಡಾಕ್ಟರು?" ಎಂದಳು.

"ಹೌದು."

"ನಡಿವಾಗ ಜೋಲಿ ಹೋದಂಗ ಆಕ್ಕಿತ್ತಾ ನಿನಗ?"

"ಹೌದು. ಯಾಕ ಅಕ್ಕಾ?"

"ನಾನು ಎರಡು ಸಲ ಬಚ್ಚಲದಾಗ ಬಿದ್ದೆ. ಎಲ್ಲಾರೂ ವಯಸ್ಸಾತು ಅಂದ್ರು. ನೀನೂ ಅಂದಿ."

ಅಂದಿದ್ದೆ. ಫೋನಿನಲ್ಲಿ ನಗುತ್ತಲೇ ಅಂದಿದ್ದೆ.

ಅವಳಾಗಿ ನಿಲ್ಲಿಸಬಾರದು, ಬರೆದುಕೊಟ್ಟ ಡಾಕ್ಟರ್ ಹತ್ತಿರವೇ ಹೋಗಬೇಕು ಎಂದು ಮೂರು ಸಲ ಹೇಳಿದೆ. ಅವಳ ಮಗ ಕರೆದುಕೊಂಡು ಹೋದ. ಡಾಕ್ಟರ್ ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು. ಈಗ ಗೋಡೆ ಹಿಡಿಯದೆ ನಡೆಯುತ್ತಾಳೆ, ಕಾಲುರಿ ತಿರುಗಿ ಬಂದಿದೆ.

ಈಗ ಸಂಜೆ ಆಫೀಸಿನಿಂದ ಬಂದು ಅಂಗಿ ಕಳಚಿ ಕುಳಿತು ಅವಳಿಗೆ ಫೋನ್ ಮಾಡುತ್ತೇನೆ. ಗದಗಿನಲ್ಲಿ ಆಗ ಬೆಳಗಾಗಿರುತ್ತದೆ. ನನ್ನ ಉರಿ ಹೇಗಿದೆ ಎಂದು ಅವಳು ಕೇಳುತ್ತಾಳೆ, ಅವಳದು ಹೇಗಿದೆ ಎಂದು ನಾನು ಕೇಳುತ್ತೇನೆ. "ಏನಿಲ್ಲ ಬಿಡು ತಮ್ಮಾ, ಆರಾಮ ಅದೇನಿ" ಎನ್ನುತ್ತಾಳೆ. ನಾನು ನಂಬುವುದಿಲ್ಲ. ಮತ್ತೊಮ್ಮೆ ಕೇಳುತ್ತೇನೆ.