ಎಡಗಾಲು ಮಡಚಿ ಗಾಡಿ ಹೊಡೆದ ಕಾಕಾ

ಊಟಕ್ಕೆ ಕುಳಿತವರ ಹಾಗೆ ಎಡಗಾಲನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡು, ಬಲಗಾಲನ್ನಷ್ಟೇ ಕೆಳಗೆ ಬಿಟ್ಟು, ನನ್ನ ಕಾಕಾ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು ಓಡಿಸುತ್ತಿದ್ದರು. ಗಾಡಿಯ ಚಾವಣಿ ತಗ್ಗು. ತಲೆಯ ಬಿಳಿ ಟೋಪಿ ಅದಕ್ಕೆ ತಾಗಿ ತಾಗಿ ಹುಬ್ಬಿನ ತನಕ ಜಾರುತ್ತಿತ್ತು. ಎಡಗಾಲಿನ ಚಪ್ಪಲಿ ಮಾತ್ರ ಒಂಟಿಯಾಗಿ ನನ್ನ ಕಾಲ ಬಳಿ ಬಿದ್ದಿರುತ್ತಿತ್ತು. ಶಿಗ್ಗಾಂವದ ಪೇಟೆಯಲ್ಲಿ ಇದನ್ನು ನೋಡಿ ನಗದವರಿರಲಿಲ್ಲ. ನಗು ಬಾರದವಳು ನಾನೊಬ್ಬಳೇ, ಯಾಕೆಂದರೆ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದವಳು ನಾನು.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಹಿರೇಬೆಂಡಿಗೇರಿಯಲ್ಲಿ ಹೊಲ, ಶಿಗ್ಗಾಂವದಲ್ಲಿ ಮನೆ. ಇವೆರಡರ ನಡುವೆ ಜೀಪು ಓಡಿಸುತ್ತಲೇ ಅರ್ಧ ಆಯುಷ್ಯ ಕಳೆದವರು. ಒಮ್ಮೆ ಟ್ರ್ಯಾಕ್ಟರಿನ ಟ್ರೇಲಿ ಎಡಗಾಲಿನ ಮೇಲೆ ಹಾಯ್ದು, ಪಾದದ ಕೀಲು ಮರದ ತುಂಡಿನ ಹಾಗೆ ಗಟ್ಟಿಯಾಗಿ ಹೋಯಿತು. ನಡೆಯಲು ಅಡ್ಡಿ ಇರಲಿಲ್ಲ, ಆದರೆ ಕ್ಲಚ್ ಹದವಾಗಿ ಒತ್ತಿ ಬಿಡಲು ಆಗುತ್ತಿರಲಿಲ್ಲ. ಜೀಪು ಮನೆಯಿಂದ ಹೋದ ದಿನ ಅವರು ಉಣ್ಣಲಿಲ್ಲ. ವಾರ ಕಳೆಯುವುದರೊಳಗೆ ಹುಬ್ಬಳ್ಳಿಗೆ ಹೋಗಿ ಕ್ಲಚ್ ಇಲ್ಲದ ಗಾಡಿ ತಂದರು. ಎತ್ತರದ, ಮರ್ಯಾದಸ್ತ ಆಟೋಮ್ಯಾಟಿಕ್ ಗಾಡಿಗಳು ಅಲ್ಲಿ ಸಾಲಾಗಿ ನಿಂತಿದ್ದವಂತೆ. ಅವನ್ನೆಲ್ಲ ಬಿಟ್ಟು, ಯಾರೋ ಶೋಕಿಗೆ ಕೊಂಡು ಸಾಕಾಗಿ ಮಾರಿದ್ದ ಈ ಹಳೆಯ ಕೆಂಪು ಗಾಡಿಗೆ ಮನಸ್ಸು ಕೊಟ್ಟಿದ್ದರು. ಯಾಕೆ ಎಂದು ಕೇಳಿದೆ.

"ಎರಡ ಸೀಟು ಅದಾವ ಇದಕ. ಜೀಪ್ನ್ಯಾಗ ಊರ ಮಂದಿ ಎಲ್ಲಾ ಹತ್ತತಿತ್ತು. ಇನ್ನ ಯಾ ಬೀಗರೂ ಹತ್ತಂಗಿಲ್ಲ" ಅಂದರು.

ಆ ಎರಡನೆಯ ಸೀಟು ನನ್ನ ಪಾಲಿಗೆ ಬಂತು. ಹಿರೇಕೆರೂರಿನಲ್ಲಿ ಕಾಕಾನ ಅಕ್ಕ ಇದ್ದರು, ನನಗೆ ಸೋದರತ್ತೆ. ತಮ್ಮ ಅವ್ವ ತೀರಿದ ಮೇಲೆ, ಚಿಕ್ಕವರಿದ್ದ ಕಾಕಾನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಈಗ ಕಣ್ಣು ಪೂರ್ತಿ ಹೋಗಿ ಹಾಸಿಗೆ ಹಿಡಿದಿದ್ದರು. ಸೊಸೆಯರು ಎಷ್ಟು ಅಕ್ಕರೆಯಿಂದ ಉಣಿಸಿದರೂ ನಾಲ್ಕು ತುತ್ತಿಗೆ ಮುಖ ತಿರುಗಿಸುತ್ತಿದ್ದರು. ರವಿವಾರ ತಮ್ಮ ಬಂದು ಕೈತುತ್ತು ಕೊಟ್ಟರೆ ಮಾತ್ರ ಹೊಟ್ಟೆ ತುಂಬ ಉಣ್ಣುತ್ತಿದ್ದರು. ಹೀಗಾಗಿ ಮಳೆ ಬರಲಿ, ಬಿಸಿಲು ಕುದಿಯಲಿ, ಕಾಕಾ ಶನಿವಾರವೇ ಅಕ್ಕನಿಗೆಂದು ಸವಣೂರ ವೀಳ್ಯದೆಲೆ ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮರುದಿನ ಹಾನಗಲ್ಲಿನ ಮೇಲೆ ಹಾಯ್ದು ಹಿರೇಕೆರೂರಿಗೆ ಹೊರಡುತ್ತಿದ್ದರು. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂರುವವರಲ್ಲ. ಅವರ ಹೆಂಡತಿ, ನನ್ನ ಚಿಗವ್ವ, ಒಂದು ಉಪಾಯ ಹೂಡಿದರು. "ನೀ ಬಾಜೂಕ ಕುಂದ್ರು. ದಾರಿ ತುಂಬಾ ಬೈಕೋಂತ ಇರು. ಅವರಿಗೆ ನಿದ್ದಿ ಬರಂಗಿಲ್ಲ."

ಕಾಲೇಜಿನಲ್ಲಿ ಪಾಠ ಹೇಳುವವಳಿಗೆ ಇರುವುದೇ ಒಂದು ರವಿವಾರ. ಅದೂ ಹೋಯಿತು.

ಮೊದಲ ದಿನವೇ ನನ್ನ ಹಣೆ ಬಾತುಕೊಂಡಿತು. ಗಾಡಿಯಲ್ಲಿ ಕ್ಲಚ್ ಇಲ್ಲ ಎಂಬುದು ಕಾಕಾಗೆ ಗೊತ್ತಿತ್ತು, ಅವರ ಎಡಗಾಲಿಗೆ ಗೊತ್ತಿರಲಿಲ್ಲ. ಎಂಜಿನ್ನಿನ ದನಿ ಏರಿದ್ದೇ ತಡ, ಹಳೆಯ ರೂಢಿಯಂತೆ ಆ ಕಾಲು ಕ್ಲಚ್ ಹುಡುಕಿಕೊಂಡು ಹೋಗಿ ಅಗಲವಾದ ಬ್ರೇಕಿನ ಮೇಲೆ ದಬ್ಬನೆ ಬೀಳುತ್ತಿತ್ತು. ಗಾಡಿ ನಡುರಸ್ತೆಯಲ್ಲಿ ಕಂಬದಂತೆ ನಿಲ್ಲುತ್ತಿತ್ತು. ಹಿಂದೆ ಬರುತ್ತಿದ್ದ ಚಕ್ಕಡಿಯ ಎತ್ತು ನಮ್ಮ ಗಾಜಿಗೆ ಮೂತಿ ಹಚ್ಚಿತು. ನಾನು ಚೀರಾಡಿದೆ. ಕಾಕಾ ತಮ್ಮ ಕಾಲನ್ನೇ ಬೈದರು. "ಹೇಳಿದ್ದು ಕೇಳದ ಕಾಲಿಗೆ ಇಲ್ಲೇನ ಕೆಲಸ?" ಅಂದವರೇ ಚಪ್ಪಲಿ ಕಳಚಿ, ಕಾಲನ್ನು ಎತ್ತಿ ಮಡಚಿ ಕುಳಿತುಬಿಟ್ಟರು. ಅಂದಿನಿಂದ ಅದೇ ಅವರ ಆಸನ. ಗಾಡಿ ಹೊರಡುವ ಮೊದಲು "ಕಾಕಾ, ಕಾಲ ಮಡಚ್ರಿ" ಎನ್ನುವುದು ನನ್ನ ಕೆಲಸ.

ಕಾಲಿನ ಕಾಟ ತೀರಿತು, ಗಾಡಿಯ ಕಾಟ ತೀರಲಿಲ್ಲ. ನಿಧಾನ ಹೋಗುವಾಗ ಅದು ತಾನಾಗಿ ಮೇಲಿನ ಗೇರಿಗೆ ಏರಿ ತೂಕಡಿಸುತ್ತಿತ್ತು. ಮುಂದೆ ಕಬ್ಬಿನ ಟ್ರ್ಯಾಕ್ಟರು ಸಿಕ್ಕು, ದಾಟೋಣವೆಂದು ಕಾಕಾ ಎಕ್ಸಲರೇಟರ್ ತುಳಿದರೆ ಒಂದು ಉಸಿರಿನಷ್ಟು ಹೊತ್ತು ಏನೂ ಆಗುತ್ತಿರಲಿಲ್ಲ. ಅವರು ಸಿಟ್ಟಿನಿಂದ ಇನ್ನಷ್ಟು ತುಳಿಯುತ್ತಿದ್ದರು. ಆಗ ಅದು ಒಮ್ಮೆಲೇ ಎರಡು ಗೇರು ಇಳಿದು, ಕೂಗಿ, ಹಾರುತ್ತಿತ್ತು. ಅಷ್ಟರಲ್ಲಿ ಎದುರಿನಿಂದ ಬಸ್ಸು ಬಂದಿರುತ್ತಿತ್ತು.

"ಕನ್ಯಾ ನೋಡಿ ಹೋದ ಬೀಗರು ಅಂತಾರಲ್ಲ, ವಿಚಾರ ಮಾಡಿ ಹೇಳ್ತೇವಿ ಅಂತ. ಹಂಗ ಮಾಡ್ತೈತಿ ಇದು!"

"ಒಮ್ಮೆಲೇ ತುಳೀಬ್ಯಾಡ್ರಿ ಕಾಕಾ. ಮೊದಲ ಸ್ವಲ್ಪ ಒತ್ರಿ, ಅದು ಗೇರ್ ಇಳಿಸಲಿ, ಆಮ್ಯಾಲ ದಾಟ್ರಿ."

"ಅದು ಇಳಿಸೂತನಾ ನಾ ಕಾಯಬೇಕಾ? ಗಾಡಿ ಯಾರದು?"

"ನಿಮ್ದ ರೀ."

"ಮತ್ತ?"

ಗಾಡಿಗೆ ಸ್ಪೋರ್ಟ್ ಎಂಬ ಒಂದು ಗುಂಡಿ ಇತ್ತು. ಒತ್ತಿದರೆ ಯೋಚನೆ ಬಿಟ್ಟು ಕೂಡಲೇ ಓಡುತ್ತದೆ ಎಂದು ನಾನೇ ಓದಿ ಹೇಳಿದೆ. ಒತ್ತಿದರು. ಮುಂದಿನ ಊರಿನ ಕೋಳಿಗಳೆಲ್ಲ ಹಾರಿ ಮಾಳಿಗೆ ಹತ್ತಿದವು. "ಇದಕ್ಕ ಮೊದಲಿಂದಾನೂ ಬುದ್ಧಿ ಇತ್ತು, ಬೇಕಂತ ಮುಚ್ಚಿ ಇಟ್ಟಿತ್ತು" ಎಂದು ಕಾಕಾ ಹಲ್ಲು ಕಡಿದರು. ಆ ಗುಂಡಿ ಹಾಕಿದಾಗ ಕಾಲು ತುಸು ಸಡಿಲಿಸದಿದ್ದರೆ ಗಾಡಿ ಮೇಲಿನ ಗೇರಿಗೆ ಹೋಗುವುದಿಲ್ಲ. ಕಾಕಾ ಕಾಲು ಸಡಿಲಿಸುವವರಲ್ಲ. ಬೀದಿ ಬೀದಿಯಲ್ಲಿ ಅದು ಅರಚುತ್ತ ಹೋಗುತ್ತಿತ್ತು. ಗುಂಡಿ ತೆಗೆದರೆ ಮಂಕುಬುದ್ಧಿ, ಹಾಕಿದರೆ ಮುಂಗೋಪ. ಒಡೆಯನಿಗೆ ತಕ್ಕ ಗಾಡಿ ಎಂದು ನಾನು ಬಾಯಿಬಿಟ್ಟೇ ಹೇಳಿದೆ. ಅವರು ಟೋಪಿ ಹಿಂದಕ್ಕೆ ತಳ್ಳಿ ಇನ್ನಷ್ಟು ತುಳಿದರು.

ಹುರುಳಿ ಒಕ್ಕುವ ಕಾಲದಲ್ಲಿ ಒಂದು ರವಿವಾರ ಬೆಳಿಗ್ಗೆ ಹಿರೇಕೆರೂರಿನಿಂದ ಫೋನು ಬಂತು. ಅತ್ತೆ ತುತ್ತು ಮುಟ್ಟುತ್ತಿಲ್ಲ, ಬೇಗ ಬನ್ನಿ ಎಂದು. ಕಾಕಾ ಚಹಾ ಕೂಡ ಕುಡಿಯದೆ ಹೊರಟರು. ಆಡೂರು ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಹುರುಳಿಯ ಬಳ್ಳಿ ಹರವಿದ್ದರು. ಓಡಾಡುವ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಉದುರಲಿ ಎಂದು ನಮ್ಮ ಕಡೆ ಎಲ್ಲರೂ ಮಾಡುವುದೇ ಅದು. ಉಳಿದರ್ಧ ರಸ್ತೆ ಖಾಲಿ ಇತ್ತು.

"ಕಾಕಾ, ಬಲಕ್ಕ ಹೊಡೀರಿ. ನಮ್ಮ ಗಾಡಿ ತಗ್ಗ ಐತಿ."

"ಪಾಪ, ಗಾಡಿ ಬರ್ಲಿ ಅಂತ ಕಾಯಾಕತ್ತಾರ. ರಾಶಿ ಬಿಟ್ಟು ಹೋದ್ರ ಏನಂತಾರವಾ? ಒಕ್ಕಲುತನದವರ ಮನಿಯವ್ರು ನಾವು."

ಜೀಪಿನ ಕಾಲದಲ್ಲಿ ಕಂಡವರ ರಾಶಿಯ ಮೇಲೆ ಹಿಂದೆ ಮುಂದೆ ಎರಡು ಸಲ ಹಾಯಿಸಿ, ಕೈ ಎತ್ತಿ ಹೋಗುತ್ತಿದ್ದವರು ಅವರು. ಅಕ್ಕ ಉಣ್ಣದೆ ಮಲಗಿದ್ದಾಗಲೂ ಈ ಮರ್ಯಾದೆ ಬಿಡಲಿಲ್ಲ. ಗಾಡಿ ಬಳ್ಳಿಗೆ ನುಗ್ಗಿತು, ನೆಲಕ್ಕೆ ಹೊಟ್ಟೆ ಹಚ್ಚಿ ಕುಳಿತುಬಿಟ್ಟಿತು. ಗಾಲಿ ಜಾರತೊಡಗಿದ್ದೇ ಗಾಡಿ ತಾನೇ ಶಕ್ತಿ ಕಡಿಮೆ ಮಾಡಿಕೊಂಡಿತು. ಕಾಕಾ ಪೂರ್ತಿ ತುಳಿದರು. ಅದು ವಿಚಾರ ಮಾಡಿತು. ಕಾಕಾ "ನಡೀ!" ಎಂದು ಸ್ಟೇರಿಂಗಿಗೆ ಗುದ್ದಿದರು. ಗೇರು ಇಳಿದು ಗಾಲಿಗಳು ಹುಚ್ಚೆದ್ದು ತಿರುಗಿದವು. ಗಾಬರಿಗೆ, ಮಡಚಿಟ್ಟಿದ್ದ ಎಡಗಾಲು ಬಿಚ್ಚಿಕೊಂಡು ಬ್ರೇಕಿನ ಮೇಲೆ ಬಿತ್ತು. ಬಲಗಾಲು ಇದ್ದಲ್ಲೇ ಇತ್ತು. ಒಣ ಬಳ್ಳಿ ಕೆಳಗಿನ ಬಿಸಿ ಕೊಳವೆಗೆ ಸುತ್ತಿ ಹೊಗೆಯಾಡತೊಡಗಿತು. ನಾನು ಕೈ ಚಾಚಿ ಎಂಜಿನ್ ಆರಿಸಿದೆ.

ರಾಶಿಯ ಒಡತಿ ಕೊಡ ಹಿಡಿದು ಓಡಿ ಬಂದಳು. ನೀರು ಸುರಿದ ಮೇಲೆ ಸೊಂಟಕ್ಕೆ ಕೈ ಇಟ್ಟು ಕೇಳಿದಳು: "ಯಜಮಾನ್ರ, ಒಕ್ಕಾಕ ಬಂದ್ರೋ, ಸುಡಾಕ ಬಂದ್ರೋ?"

ಹೊಲದವರೆಲ್ಲ ಸೇರಿ ಗಾಡಿಯನ್ನು ಎತ್ತಿ ಸರಿಸಿ, ಕೆಳಗೆ ಮಲಗಿ ಬಳ್ಳಿ ಕಿತ್ತರು. ಅಷ್ಟು ಹೊತ್ತೂ ಕಾಕಾ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು ಹಿರೇಕೆರೂರಿನ ದಿಕ್ಕಿಗೆ ನೋಡುತ್ತಿದ್ದರು. ನನಗೆ ಬೈಯುವಷ್ಟು ಸಿಟ್ಟಿತ್ತು. ಆ ಮುಖ ನೋಡಿ, ಒಂಟಿ ಚಪ್ಪಲಿ ತಂದು ಅವರ ಕಾಲ ಬಳಿ ಇಟ್ಟೆ.

ತಡವಾಗಿ ಮುಟ್ಟಿದೆವು. ಅತ್ತೆ ಬಾಗಿಲ ಕಡೆ ಮುಖ ಮಾಡಿ ಮೂಗು ಅರಳಿಸಿದರು. "ಹುರುಳಿ ವಾಸನಿ ಬರಾಕತ್ತೈತಿ. ಹೊಲದಿಂದ ಬಂದ್ಯಾ?" ಅಂದರು. ಕಾಕಾ ಕೈ ತೊಳೆದು, ಹಾಸಿಗೆಯ ಪಕ್ಕ ಕಾಲು ಮಡಚಿ ಕುಳಿತು ಅನ್ನ ಕಲಸಿದರು. ದೊಡ್ಡ ದೊಡ್ಡ ತುತ್ತು. ಅತ್ತೆ ಎಲ್ಲ ಉಂಡರು.

ಸುದ್ದಿ ನಮಗಿಂತ ಮೊದಲೇ ಶಿಗ್ಗಾಂವ ಮುಟ್ಟಿತ್ತು. ಚಿಗವ್ವ ಗಾಡಿಯ ಕೀಲಿ ಕಸಿದು ನನ್ನ ಕೈಗೆ ಕೊಟ್ಟರು. "ಇನ್ನ ನೀವು ಈ ಗಾಡಿ ಹೊಡದ್ರ ನಾ ತವರಿಗೆ ಹೋಗ್ತೇನಿ" ಅಂದರು. ವಾರವೆಲ್ಲ ಕಾಕಾ ಅಂಗಳದಲ್ಲಿ ನಿಂತ ಗಾಡಿಯ ಧೂಳು ಒರೆಸುತ್ತ ಕಳೆದರು. ಅದಕ್ಕಿಂತ ಅವರ ಬೈಗುಳವೇ ವಾಸಿ ಎಂದು ನನಗೆ ಎನ್ನಿಸಿತು. ರವಿವಾರ ಬೆಳಿಗ್ಗೆ ನೋಡಿದರೆ, ಒಗೆದ ಧೋತರ ಉಟ್ಟು, ಎಲೆಯ ಗಂಟು ಹಿಡಿದು, ಅವರು ಗಾಡಿಯ ಎಡಬದಿಯ ಬಾಗಿಲಿಗೆ ನಿಂತಿದ್ದರು. ಜೀವಮಾನದಲ್ಲಿ ಆ ಬದಿಗೆ ಕುಳಿತವರಲ್ಲ.

"ಬಾಗಲಾ ತಗಿ. ಅಕ್ಕ ಕಾಯತಿರ್ತಾಳ" ಅಂದರು.

ಅವರ ಪಕ್ಕದಲ್ಲಿ ಗಾಡಿ ಓಡಿಸುವುದು, ಅವರು ಓಡಿಸುವ ಗಾಡಿಯಲ್ಲಿ ಕೂರುವುದಕ್ಕಿಂತ ಕಷ್ಟ. ಅವರ ಎಡಗೈ ಬಾಗಿಲ ಬದಿಯಲ್ಲಿ ಇಲ್ಲದ ಗೇರನ್ನು ಹುಡುಕುತ್ತಿತ್ತು, ಎಡಗಾಲು ನೆಲ ಗುದ್ದುತ್ತಿತ್ತು, ಬಾಯಿ ಮುಚ್ಚುತ್ತಿರಲಿಲ್ಲ. ತಿಳವಳ್ಳಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು. ಅವರಿಗೆ ಹೇಳಿದ ಪಾಠದಂತೆ ನಾನು ಮೆಲ್ಲಗೆ ಒತ್ತಿದೆ. ಗಾಡಿ ವಿಚಾರ ಮಾಡಿತು. ಎದುರು ಬಸ್ಸು ಕಾಣಿಸಿತು, ಹಿಂದೆ ಸರಿದೆ. ಮತ್ತೆ ಒತ್ತಿದೆ, ಮತ್ತೆ ವಿಚಾರ ಮಾಡಿತು. ನನ್ನ ತಲೆ ಕೆಟ್ಟು, "ಏನ್ ವಿಚಾರ ಮಾಡ್ತಿ, ನಡೀ!" ಎಂದು ಚೀರಿ ಪೂರ್ತಿ ತುಳಿದೆ. ಗಾಡಿ ಹಾರಿತು.

ಕಾಕಾ ಟೋಪಿ ಸರಿಮಾಡಿಕೊಂಡರು. "ಈಗ ಬಂತು ನೋಡು ನಿನಗ ಗಾಡಿ ಹೊಡಿಯಾಕ" ಅಂದರು.

ಹೀಗೆಯೇ ನಡೆಯಿತು, ರವಿವಾರದ ಮೇಲೆ ರವಿವಾರ. ಹೋದ ವರ್ಷ ಮಳೆ ಹಿಂದೆಗೆದ ಮೇಲೆ, ಒಂದು ಶನಿವಾರ ಮಧ್ಯಾಹ್ನ ಉಂಡು ಒರಗಿದ ಕಾಕಾ ಏಳಲಿಲ್ಲ. ಎಲೆಯ ಗಂಟು ತಲೆಯ ಹತ್ತಿರವೇ ಇತ್ತು, ಬಟ್ಟೆ ಇನ್ನೂ ಒದ್ದೆ ಇತ್ತು. ಅಪ್ಪ ಹೋದಾಗ ನಾನು ಚಿಕ್ಕವಳು, ಅಳು ನೆನಪಿಲ್ಲ. ಆ ಅಳುವನ್ನೂ ಸೇರಿಸಿ ಅಂದು ಅತ್ತುಬಿಟ್ಟೆ.

ದಿನಕರ್ಮಗಳು ಮುಗಿದ ಮೇಲಿನ ರವಿವಾರ ಎಲೆ ತೆಗೆದುಕೊಂಡು ನಾನೊಬ್ಬಳೇ ಹೊರಟೆ. ದಾರಿಯುದ್ದಕ್ಕೂ ಗಾಡಿಗೂ ಬೈದೆ, ಕಾಕಾಗೂ ಬೈದೆ. ಇಂಥ ಕೆಲಸ ಹಚ್ಚಿ ಹಿಂಗ ಎದ್ದು ಹೋಗ್ತಾರೇನ್ರಿ ಯಾರಾದ್ರೂ, ಎಂದು. ಅತ್ತೆಯ ಮನೆಯ ಬಾಗಿಲಲ್ಲಿ ಸೊಸೆ ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ನಿಮ್ಮ ಕಾಕಾ ಹೋದ್ರು ಅಂತ ಹೇಳೇವಿ. ನಂಬವಲ್ರು."

ಒಳಗಿನಿಂದ ಅತ್ತೆಯ ದನಿ ಬಂತು. "ಸುಳ್ಳ ಹೇಳಬ್ಯಾಡ್ರಿ. ಗಾಡಿ ಸಪ್ಪಳಾ ನಂಗ ತಿಳಿಯಂಗಿಲ್ಲೇನು? ಬಾರೋ, ಹಸಿವ್ಯಾಗೇತಿ."

ನಾನು ಕೈ ತೊಳೆದುಕೊಂಡೆ. ಹಾಸಿಗೆಯ ಪಕ್ಕ ಎಡಗಾಲು ಮಡಚಿ ಕುಳಿತು ಅನ್ನ ಕಲಸಿ, ಬಾಯಿಗೆ ತುತ್ತು ಇಟ್ಟೆ. ಅತ್ತೆ ಉಂಡರು. ಎರಡನೆಯ ತುತ್ತಿಗೆ ನನ್ನ ಮಣಿಕಟ್ಟು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಸವರಿ ನೋಡಿದರು.

"ಕೈ ಯಾಕ ಇಷ್ಟು ಸಣ್ಣಾಗೇತೋ ನಿಂದು? ಮನ್ಯಾಗ ಉಣ್ಣಾಕ ಹಾಕವಲ್ರೇನು?"

ಮುಂದಿನ ತುತ್ತನ್ನು ಇನ್ನಷ್ಟು ದೊಡ್ಡದು ಮಾಡಿದೆ.