ರಿಜಿಸ್ಟರಿನಲ್ಲಿದ್ದ ಹಸಿರು ಮುಚ್ಚಳ

ಮೂಲಕೋಶವೊಂದು ರಕ್ತಕಣವಾಗಿ ಬೆಳೆಯುವ ಹಾದಿಯಲ್ಲಿ, ಸಕ್ಕರೆಯ ಉದ್ದ ಸರಪಳಿಗಳನ್ನು ಹೊತ್ತ ಪ್ರೋಟಿಯೋಗ್ಲೈಕಾನ್ ಎಂಬ ಪ್ರೋಟೀನುಗಳ ಜೀನ್‌ಗಳು ಯಾವಾಗ ಎಚ್ಚರಗೊಳ್ಳುತ್ತವೆ, ಯಾವಾಗ ಸುಮ್ಮನಾಗುತ್ತವೆ ಎಂಬುದನ್ನು ಮೂವತ್ತೊಂದು ವರ್ಷ ಬೆನ್ನುಹತ್ತಿದವರು ಡಾ. ವೈಜಯಂತಿಯವರು. ದೆಹಲಿಯ ತಮ್ಮ ಪ್ರಯೋಗಾಲಯದಿಂದ ಅವರು ಈ ತಿಂಗಳು, ದೀಪಾವಳಿ ಮುಗಿದ ಮೇಲೆ, ನಿವೃತ್ತರಾಗುತ್ತಿದ್ದಾರೆ.

ಕೋಶಗಳಿಗೆ ಹಬ್ಬ ಗೊತ್ತಿಲ್ಲ. ಮೂರು ದಿನಕ್ಕೊಮ್ಮೆ ಪೋಷಕದ್ರವ ಬದಲಿಸಲೇಬೇಕು. ಪ್ರತಿ ದೀಪಾವಳಿಗೂ ವಿದ್ಯಾರ್ಥಿಗಳನ್ನು ಊರಿಗೆ ಕಳಿಸಿ, ಲೋಧಿ ಕಾಲೋನಿಯ ಮನೆಗೆ ಬೀಗ ಹಾಕಿಕೊಂಡು ಮೇಡಂ ತಾವೇ ಲ್ಯಾಬಿಗೆ ಬರುತ್ತಿದ್ದರು. "ನನಗೇನಮ್ಮ, ಮನೇಲಿ ಕಾಯೋರು ಯಾರಿದ್ದಾರೆ?" ಎಂದು ನಗುತ್ತಿದ್ದರು. ಆ ನಗುವನ್ನು ನಂಬಿ ಎಲ್ಲರೂ ರೈಲು ಹತ್ತುತ್ತಿದ್ದರು. ಮುನಿರ್ಕಾದ ಬಾಡಿಗೆ ಕೋಣೆಯಲ್ಲಿದ್ದ ಪಿಎಚ್.ಡಿ. ವಿದ್ಯಾರ್ಥಿನಿ ಹರ್ಷಿಣಿಯೂ ಹತ್ತಿದಳು. ಈ ಲೇಖನ ಬರೆಯುತ್ತಿರುವವಳು ಆಕೆಯೇ.

ಹತ್ತು ವರ್ಷಗಳ ಹಿಂದೆ, ಬೆಳವಣಿಗೆಯ ಒಂದು ಹಂತದಲ್ಲಿ ಇಂಥ ಒಂದು ಜೀನ್ ಪೂರ್ತಿ ಮೌನವಾಗುತ್ತದೆಂಬ ಮೇಡಂ ಅವರ ಪ್ರಬಂಧ ದೊಡ್ಡ ಹೆಸರು ತಂದಿತು. ಮರುವರ್ಷದ ದೀಪಾವಳಿಯಂದು ಒಬ್ಬರೇ ಕುಳಿತು ಹಳೆಯ ರಿಜಿಸ್ಟರ್ ತಿರುವುತ್ತಿದ್ದಾಗ, ಆ ಹಂತದ ರಕ್ತವನ್ನೆಲ್ಲ ನೇರಳೆ ಮುಚ್ಚಳದ ಟ್ಯೂಬಿನ ಬದಲು ಹಸಿರು ಮುಚ್ಚಳದ ಟ್ಯೂಬಿನಲ್ಲಿ ಸಂಗ್ರಹಿಸಿದ್ದು ಅವರ ಕಣ್ಣಿಗೆ ಬಿತ್ತು. ಹಸಿರಿನಲ್ಲಿರುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ಅವರು ಹುಡುಕುತ್ತಿದ್ದ ಸರಪಳಿಗಳ ಜಾತಿಯದೇ ವಸ್ತು. ಅದು ಜೀನ್ ಅಳೆಯುವ ಪರೀಕ್ಷೆಯನ್ನೇ ಕೆಡಿಸುತ್ತದೆ. ಜೋರುದನಿಯ ಜೀನ್‌ಗಳು ಹಾಗೂ ಹೀಗೂ ಕೇಳಿಸಿದ್ದವು, ಇದರ ದನಿ ಅಡಗಿತ್ತು. ನೇರಳೆ ಟ್ಯೂಬಿನಲ್ಲಿ ಮತ್ತೆ ಮಾಡಿದರೆ ಜೀನ್ ಸ್ಪಷ್ಟವಾಗಿ ಮಾತನಾಡಿತು.

ಅವರು ಪ್ರಬಂಧವನ್ನು ಹಿಂತೆಗೆದುಕೊಂಡರು. ರಕ್ತ ಸಂಗ್ರಹಿಸಿದವರು ಯಾರೆಂದು ಸಂಸ್ಥೆಯ ತನಿಖಾ ಸಮಿತಿ ಕೇಳಿದಾಗ, "ಲ್ಯಾಬ್ ನನ್ನದು, ತಪ್ಪೂ ನನ್ನದೇ" ಎಂದರು. ಬಡ್ತಿ ನಿಂತಿತು. ಕ್ಯಾಂಟೀನಿನಲ್ಲಿ ಅವರ ಮೇಜಿಗೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು.

ಎದುರಿಗೆ ಹೋಗಲಾಗದೆ ಹರ್ಷಿಣಿ ಫೋನ್ ಮಾಡಿದಳು. "ಮೇಡಂ, ರಿಜಿಸ್ಟರಿನಲ್ಲಿರೋದು ನನ್ನ ಕೈಬರಹ."

"ಗೊತ್ತಮ್ಮ. ನಿನ್ನ ಥೀಸಿಸ್ಸಿನ ಆ ಅಧ್ಯಾಯ ಮತ್ತೆ ಬರಿ. ಅಚ್ಛಾ, ಊಟ ಆಯ್ತಾ?"

ಆಕೆ ಮತ್ತೆ ಬರೆದಳು, ಪದವಿ ಪಡೆದಳು, ಘಾಜಿಯಾಬಾದಿನಲ್ಲಿ ಕೆಲಸಕ್ಕೆ ಸೇರಿದಳು. ಮೆಟ್ರೊದಲ್ಲಿ ಒಂದು ಗಂಟೆಯ ದಾರಿ. ನಾಚಿಕೆಯಿಂದ ಏಳು ವರ್ಷ ಆ ಕಡೆ ತಲೆ ಹಾಕಲಿಲ್ಲ. ತಪ್ಪಿಗಿಂತ ಈಗ ಚುಚ್ಚುವುದು ಆ ಏಳು ದೀಪಾವಳಿಗಳು.

ವೈಜಯಂತಿಯವರು ನೂರ್ಕಾಲ ಬಾಳಲಿ, ಅವರ ಸಂಶೋಧನೆ ಮುಂದುವರಿಯಲಿ. ಈ ದೀಪಾವಳಿಗೆ ಕೋಶಗಳನ್ನು ಹರ್ಷಿಣಿ ನೋಡಿಕೊಂಡು, ಸಂಜೆ ನೇರವಾಗಿ ಲೋಧಿ ಕಾಲೋನಿಗೆ ಬರುತ್ತಾಳೆ. ಅಂದು ಮನೆಗೆ ಬೀಗ ಹಾಕಬೇಡಿ, ಮೇಡಂ.